ಹೂವು, ಹುಳು ಮತ್ತು ತಾಳ್ಮೆ

ಕಳೆದ ವರ್ಷ ಮಳೆಗಾಲದ ಕೊನೆಯಲ್ಲಿ ನಮ್ಮ ತರಗತಿಯ ಹುಡುಗನೊಬ್ಬನು, "ಸರ್, ಹೂವಿನ ಮೇಲಿನ ಹುಳುಗಳ ಚಿತ್ರ ತೆಗೆಯಬೇಕೆಂದು ಆಸೆ. ಆದರೆ ಅದಕ್ಕೆ ಬೇರೆ ಲೆನ್ಸೇ ಬೇಕಂತೆ, ಅದರ ಬೆಲೆ ನಮ್ಮಪ್ಪನ ತಿಂಗಳ ಸಂಬಳಕ್ಕೂ ಹೆಚ್ಚಂತೆ" ಎಂದು ತಲೆ ತಗ್ಗಿಸಿದನು. ಆ ತಗ್ಗಿದ ತಲೆಯೇ ಈ ಲೇಖನಕ್ಕೆ ಕಾರಣ.

ನೊಣದ ಕಣ್ಣಿನಲ್ಲಿರುವ ಸಾವಿರಾರು ಕಿರುಮಸೂರಗಳನ್ನು ಬಿಡಿಬಿಡಿಯಾಗಿ ತೋರಿಸಲು ವಿಶೇಷ ಉಪಕರಣ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೂವಿಗೂ ಕೀಟಕ್ಕೂ ಇರುವ ನಂಟನ್ನು ಚಿತ್ರಿಸಲು ಮನೆಯಲ್ಲಿರುವ ಸಾಮಾನ್ಯ ಮೊಬೈಲೇ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕುಣಿಯಲಾರದವಳು ನೆಲ ಡೊಂಕೆಂದಂತೆ ನಾವು ಉಪಕರಣವನ್ನು ದೂರಬಾರದು.

ವಿದ್ಯಾರ್ಥಿಗಳೇ, ಮುಂಬಯಿಯಲ್ಲಿ ಕಾಡುಹೂಗಳೆಲ್ಲಿ ಎನ್ನದಿರಿ. ಆಟದ ಬಯಲಿನ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ತುಂಬೆ, ಮುಟ್ಟಿದರೆ ಮುನಿ ಅರಳುತ್ತವೆ. ಬೆಳಗಿನ ತಂಪಿನಲ್ಲಿ ಹೋಗಿರಿ. ಕೀಟಗಳ ಮೈಬಿಸಿಯು ಬಹುಮಟ್ಟಿಗೆ ಹೊರಗಿನ ಬಿಸಿಯನ್ನೇ ಅವಲಂಬಿಸಿರುವುದರಿಂದ ಆಗ ಅವು ಅಷ್ಟು ಚುರುಕಾಗಿರುವುದಿಲ್ಲ. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ. ಮೊಣಕೈಗಳನ್ನು ನೆಲಕ್ಕೂರಿ, ಕ್ಯಾಮರಾವನ್ನು ಹೂವಿನ ಮಟ್ಟಕ್ಕೆ ಇಳಿಸಿರಿ. ತೀರ ಹತ್ತಿರ ಒಯ್ದರೆ ಚಿತ್ರ ಮಸುಕಾಗುವುದು. ಒಂದು ಗೇಣು ದೂರದಿಂದ ತೆಗೆದು, ಬಳಿಕ ಸುತ್ತಣ ಭಾಗವನ್ನು ಕತ್ತರಿಸಿಕೊಳ್ಳಬಹುದು. ಚಿಟ್ಟೆಯು ರೆಕ್ಕೆ ಮಡಿಚಿ ಕುಳಿತಿದ್ದರೆ ಪಕ್ಕದಿಂದ, ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ. ಇಡೀ ರೆಕ್ಕೆ ಸ್ಪಷ್ಟವಾಗಿ ಮೂಡುವುದು. ಗಾಳಿ ನಿಲ್ಲುವವರೆಗೆ ಕಾಯಿರಿ. ಹತ್ತು ತೆಗೆದರೆ ಒಂದು ಚೆನ್ನಾಗಿ ಬಂದೀತು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಚಿತ್ರದ ಆಸೆಗಾಗಿ ಹೂವನ್ನು ಕೀಳಬಾರದು. ಹುಳುವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಬಾರದು. ನಾನೂ ತಪ್ಪಿದವನೇ. ಒಮ್ಮೆ ಬೆಳಕು ಸಾಲದೆಂದು ತುಂಬೆಯ ಟೊಂಗೆಯನ್ನೇ ಮುರಿದು ತಂದೆ. ಇರುವೆಗಳು ಚೆಲ್ಲಾಪಿಲ್ಲಿಯಾದವು, ಹೂ ಉದುರಿತು, ಚಿತ್ರವೂ ದಕ್ಕಲಿಲ್ಲ. ಜೀವಿಯ ನೆಲೆಯನ್ನು ಕೆಡಿಸಿ ತೆಗೆದ ಚಿತ್ರವು ಎಷ್ಟೇ ಅಂದವಾಗಿದ್ದರೂ ಸುಳ್ಳು ಸಾಕ್ಷಿಗೆ ಸಮಾನವೆಂದು ಅಂದಿನಿಂದ ನಂಬಿದ್ದೇನೆ.

ಆ ಹುಡುಗನು ಮುಂದಿನ ಭಾನುವಾರ ತಂದೆಯ ಮೊಬೈಲನ್ನೇ ಕೇಳಿ ಪಡೆದನು. ಸೋಮವಾರ ತೋರಿಸಿದ ಚಿತ್ರದಲ್ಲಿ ಮುಟ್ಟಿದರೆ ಮುನಿಯ ನಸುಗೆಂಪು ಹೂವು, ಅದರ ಮೇಲೊಂದು ಜೇನ್ನೊಣ. ಅಂಚು ತುಸು ಮಸುಕು. ನೊಣದ ಹಿಂಗಾಲಿಗೆ ಅಂಟಿದ್ದ ಪರಾಗದ ಉಂಡೆಯನ್ನು ಬೆರಳಿಟ್ಟು ತೋರಿಸಿ, "ಸರ್, ಇದನ್ನು ಅದು ಎಲ್ಲಿಗೆ ಒಯ್ಯುತ್ತದೆ?" ಎಂದನು. ಗೂಡಿನ ಮರಿಗಳ ಆಹಾರಕ್ಕೆಂದು ನಾನು ವಿವರಿಸುತ್ತಿದ್ದಾಗ ಇಡೀ ತರಗತಿಯೇ ಅವನ ಸುತ್ತ ನೆರೆದಿತ್ತು. ಅವನ ತಲೆ ತಗ್ಗಿರಲಿಲ್ಲ.

ಮುಂದಿನ ಸಂಚಿಕೆಗೆ ನಿಮ್ಮೆಲ್ಲರ ಚಿತ್ರಗಳು ಬರಲಿ.