ತಿಳಿಯಾಗದ ಕೊಳಕ್ಕೆ ಇಳಿಯಬಾರದು

ದೆಹಲಿ, ಗುರುಗ್ರಾಮ, ನೊಯಿಡಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಈಜುಕೊಳವೆಂಬುದು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕೆಲವರಿಗೆ ಸ್ವಂತ ಮನೆಯ ಹಿತ್ತಿಲಿನಲ್ಲಿಯೇ ಚಿಕ್ಕದೊಂದು ಕೊಳವಿದೆ. ಹೆಚ್ಚಿನವರಿಗೆ ವಸತಿ ಸಂಘದ ಕೊಳವೇ ಮನೆಯ ಕೊಳ. ಉತ್ತರದ ಚಳಿಗೆ ಹಲವು ತಿಂಗಳು ಮುಚ್ಚಿದ್ದ ಈ ಕೊಳಗಳನ್ನು ಯುಗಾದಿಯ ಆಚೀಚೆ, ಮಕ್ಕಳ ಪರೀಕ್ಷೆ ಮುಗಿಯುತ್ತಲೇ, ಮತ್ತೆ ತೆರೆಯುವ ಸಿದ್ಧತೆ ನಡೆಯುತ್ತದೆ. ಆಗ ಪ್ರತಿವರ್ಷವೂ ಒಂದೇ ಪ್ರಶ್ನೆ ಏಳುತ್ತದೆ: ನೀರು ಹಾಲು ಬೆರೆಸಿದಂತೆ ಮಸುಕಾಗಿದೆ, ಹೇಳಿದ ದಿನಕ್ಕೆ ತೆರೆಯೋಣವೇ, ಬೇಡವೇ? ತೆರೆಯಕೂಡದೆಂಬುದೇ ನನ್ನ ಖಚಿತ ಅಭಿಪ್ರಾಯ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮಸುಕು ನೀರಿನಿಂದ ಕಣ್ಣುರಿಯೋ ತುರಿಕೆಯೋ ಬಂದೀತು, ಅದಕ್ಕಿಂತ ಹೆಚ್ಚೇನು ಎಂದು ಭಾವಿಸುವವರುಂಟು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಪಟ್ಟಣದಲ್ಲಿ 2011ರ ಜೂನ್ ತಿಂಗಳಿನಲ್ಲಿ ನಡೆದ ದುರಂತವನ್ನು ಅವರು ಗಮನಿಸಬೇಕು. ಅಲ್ಲಿನ ಸಾರ್ವಜನಿಕ ಕೊಳದಲ್ಲಿ ಮುಳುಗಿದ ಮಹಿಳೆಯೊಬ್ಬರ ಶರೀರವು ಎರಡು ದಿನಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕಾವಲುಗಾರರಿದ್ದರು, ಜನರು ಬಂದು ಈಜಿ ಹೋಗುತ್ತಿದ್ದರು; ನೀರು ಮಾತ್ರ ತಳ ಕಾಣದಷ್ಟು ಕದಡಿತ್ತು. ಮುಳುಗಿದ ಮಗುವನ್ನು ಮೇಲೆತ್ತಲು ನಮಗೆ ದೊರೆಯುವುದು ಕೆಲವೇ ನಿಮಿಷಗಳ ಅವಧಿ. ತಳ ಕಾಣದ ಕೊಳದಲ್ಲಿ ಆ ಅವಧಿ ಹುಡುಕಾಟದಲ್ಲಿಯೇ ಮುಗಿದುಹೋಗುತ್ತದೆ.

ನೀರು ಮಸುಕಾಗಲು ಕಾರಣಗಳು ಹಲವು. ಮುಚ್ಚಿದ ಕೊಳದಲ್ಲಿ ಕ್ಲೋರಿನ್ ಇಳಿದುಹೋಗಿ ಪಾಚಿ ಬೆಳೆಯುತ್ತದೆ. ತೆರೆಯುವ ಮುನ್ನ ಬ್ಲೀಚಿಂಗ್ ಪುಡಿ ಸುರಿದಾಗ ಹಸಿರು ಸಾಯುತ್ತದೆಯೇ ಹೊರತು ಮಾಯವಾಗುವುದಿಲ್ಲ. ಸತ್ತ ಪಾಚಿಯೇ ಬೂದು ಬಣ್ಣದ ಮಸುಕಾಗಿ ನೀರಿನಲ್ಲಿ ತೇಲುತ್ತದೆ. ಗುರುಗ್ರಾಮದಂತಹ ಕಡೆ ಕೊಳವೆಬಾವಿಯ ಗಡಸು ನೀರು ತುಂಬಿದ್ದರೆ, ಬ್ಲೀಚಿಂಗ್ ಪುಡಿಯ ಸುಣ್ಣವೂ ಅದಕ್ಕೆ ಸೇರಿ, ಕ್ಷಾರಗುಣ ಏರಿದಾಗ ಸುಣ್ಣದ ಸೂಕ್ಷ್ಮ ಕಣಗಳು ಹೊರಬೀಳುತ್ತವೆ. ಇವುಗಳ ಮೇಲೆ ಬೇಸಗೆಯ ಆಂಧಿ ಹೊತ್ತು ತರುವ ಧೂಳು ಬೇರೆ. ಈ ಕಣಗಳೆಲ್ಲ ಹೊರಹೋಗಬೇಕಾದುದು ಶೋಧಕದ ಮೂಲಕ. ಇನ್ನಷ್ಟು ಪುಡಿ ಸುರಿಯುವುದರಿಂದಲ್ಲ.

ಇಲ್ಲಿ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಸವಕಳಿಯ ಲೆಕ್ಕ ನೆನಪಾಗುತ್ತದೆ. 10 ಮೀಟರು ಉದ್ದ, 5 ಮೀಟರು ಅಗಲ, ಸರಾಸರಿ 1.2 ಮೀಟರು ಆಳದ ಕೊಳದಲ್ಲಿ 60,000 ಲೀಟರು ನೀರಿರುತ್ತದೆ. ಗಂಟೆಗೆ 10,000 ಲೀಟರು ಎತ್ತುವ ಪಂಪು 6 ಗಂಟೆ ಓಡಿದರೆ ಎಲ್ಲ ನೀರೂ ಒಮ್ಮೆ ಸೋಸಿತೆಂದು ಜನ ತಿಳಿಯುತ್ತಾರೆ. ಆದರೆ ಸೋಸಿದ ನೀರು ಸೋಸದ ನೀರಿನೊಡನೆಯೇ ಬೆರೆಯುವುದರಿಂದ, ಇಳಿಯುವ ಶಿಲ್ಕಿನ ಮೇಲೆ ಸವಕಳಿ ಕಳೆಯುವಂತೆ, ಕೊಳೆಯೂ ಹಂತಹಂತವಾಗಿ ಕಡಿಮೆಯಾಗುತ್ತದೆ. ಶೋಧಕವು ಯಾವ ಕಣವನ್ನೂ ಬಿಡದೆ ಹಿಡಿಯಿತೆಂದುಕೊಂಡರೂ, 6 ಗಂಟೆಗಳ ನಂತರ ಶೇಕಡಾ 37ರಷ್ಟು, 12 ಗಂಟೆಗಳ ನಂತರ 14ರಷ್ಟು, 18 ಗಂಟೆಗಳ ನಂತರ 5ರಷ್ಟು, 24 ಗಂಟೆಗಳ ನಂತರ 2ರಷ್ಟು ಕೊಳೆ ಉಳಿದಿರುತ್ತದೆ. ಮರಳಿನ ಶೋಧಕವು ಅತಿ ಸೂಕ್ಷ್ಮ ಕಣಗಳನ್ನು ಒಂದೇ ಸಲಕ್ಕೆ ಹಿಡಿಯಲಾರದು. ಆದುದರಿಂದ ಎರಡು ಮೂರು ದಿನಗಳ ಸತತ ಓಟ ಬೇಕಾಗುವುದುಂಟು. ನಡುವೆ ಒತ್ತಡದ ಮಾಪಕ ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಬೇಕು.

ವಿದ್ಯುತ್ ವೆಚ್ಚದ ನೆಪದಿಂದ ದಿನಕ್ಕೆ ಮೂರು ಗಂಟೆ ಮಾತ್ರ ಪಂಪು ಓಡಿಸುವ ಸಂಘಗಳನ್ನು ಕಂಡಿದ್ದೇನೆ. ಒಂದು ಅಶ್ವಶಕ್ತಿಯ ಪಂಪು ದಿನವಿಡೀ ಓಡಿದರೆ ತಗಲುವುದು ಸುಮಾರು 18ರಿಂದ 24 ಯೂನಿಟ್. ಮೂರು ದಿನಗಳ ಈ ವೆಚ್ಚವನ್ನು ಉಳಿಸಲು ಹೋಗಿ ಮಕ್ಕಳ ಪ್ರಾಣವನ್ನು ಒತ್ತೆಯಿಡುವುದನ್ನು ಯಾವ ಲೆಕ್ಕಪರಿಶೋಧಕನೂ ಮಿತವ್ಯಯವೆಂದು ಒಪ್ಪಲಾರನು.

ಶೋಧಕಕ್ಕೆ ಸಿಗದ ಕಣಗಳಿಗೆ ನಮ್ಮ ಹಿರಿಯರು ಬಲ್ಲ ಉಪಾಯವೇ ಇದೆ. ಮಳೆಗಾಲದ ಕೆಂಪು ಹೊಳೆನೀರಿಗೆ ಪಟಿಕವನ್ನು ಆಡಿಸಿ, ಇಲ್ಲವೆ ಚಿಲ್ಲದ ಬೀಜವನ್ನು ತೇಯ್ದು ಕೊಡದ ಒಳಮೈಗೆ ಸವರಿ, ರಾತ್ರಿಯಿಡೀ ಅಲುಗಿಸದೆ ಇಟ್ಟು ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಿದ್ದರು. ಕೊಳಕ್ಕೂ ಪಟಿಕ ಸಲ್ಲುತ್ತದೆ. ಅದು ಚೂರು ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ. ಆಗ ಪಂಪು ನಿಲ್ಲಿಸಿ ಒಂದು ದಿನ ಕಾಯಬೇಕು. ತಳದ ಕೆಸರನ್ನು ಹೀರುಗೊಳವೆಯಿಂದ ನೇರವಾಗಿ ಚರಂಡಿಗೆ ಬಿಡಬೇಕೇ ಹೊರತು ಶೋಧಕಕ್ಕೆ ಕಳುಹಿಸಬಾರದು. ಪಟಿಕವು ನೀರಿನ ಆಮ್ಲಗುಣವನ್ನು ಹೆಚ್ಚಿಸುವುದರಿಂದ ಅನಂತರ ಪರೀಕ್ಷೆ ಅವಶ್ಯ.

ಆದರೆ ತಿಳಿನೀರೆಲ್ಲವೂ ಶುದ್ಧ ನೀರಲ್ಲ. ಹಿರಿಯರೂ ಬಸಿದ ತಿಳಿಯನ್ನು ಕಾಯಿಸಿಯೇ ಕುಡಿಯುತ್ತಿದ್ದರಲ್ಲವೇ? ಕೊಳದಲ್ಲಿ ಆ ಕೆಲಸವನ್ನು ಕ್ಲೋರಿನ್ ಮಾಡಬೇಕು. ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಮುಕ್ತ ಕ್ಲೋರಿನ್, 7.2ರಿಂದ 7.8ರೊಳಗಿನ ಪಿಎಚ್, ಇವೆರಡೂ ಕೂಡಿರಬೇಕು. ಪಿಎಚ್ 7.5ರಲ್ಲಿದ್ದಾಗ ಮುಕ್ತ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿ ಕೆಲಸ ಮಾಡಿದರೆ, 8ಕ್ಕೆ ಏರಿದಾಗ ಕಾಲುಭಾಗವೂ ಕಷ್ಟ. ಮೇಲೆ ಹೇಳಿದ ಕೊಳಕ್ಕೆ ಲೀಟರಿಗೆ 1 ಮಿಲಿಗ್ರಾಂ ಏರಿಸಲು ಶೇಕಡಾ 30ರ ಬ್ಲೀಚಿಂಗ್ ಪುಡಿ 200 ಗ್ರಾಂ ಸಾಕು. ಬಿಸಿಲಿಗೆ ಕ್ಲೋರಿನ್ ನಾಶವಾಗುವುದರಿಂದ ಸಂಜೆ ಹಾಕುವುದು ಲೇಸು. ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಯ ಮೇಲೆ ಸುರಿಯಬಾರದು. ಆಮ್ಲವನ್ನಾಗಲಿ ಬೇರೆ ಬಗೆಯ ಕ್ಲೋರಿನ್ ಗುಳಿಗೆಯನ್ನಾಗಲಿ ಅದರೊಡನೆ ಎಂದಿಗೂ ಬೆರೆಸಬಾರದು. ವಿಷಾನಿಲವೋ ಸ್ಫೋಟವೋ ಉಂಟಾದೀತು. ಅತಿಸಾರವಿರುವ ಮಗುವನ್ನು ಕೊಳಕ್ಕೆ ಇಳಿಸಲೇಬಾರದು, ಏಕೆಂದರೆ ಕ್ರಿಪ್ಟೋಸ್ಪೋರಿಡಿಯಮ್ ಎಂಬ ಪರಾವಲಂಬಿ ಜೀವಿಯು ಸಾಮಾನ್ಯ ಪ್ರಮಾಣದ ಕ್ಲೋರಿನ್ನಿನಲ್ಲಿಯೂ ದಿನಗಟ್ಟಲೆ ಬದುಕಬಲ್ಲದು.

ಪ್ರತಿ ಸಂಘವೂ ಒಂದು ಸರಳ ನಿಯಮವನ್ನು ಗೋಡೆಯ ಮೇಲೆ ಬರೆಸಲೆಂಬುದು ನನ್ನ ಸೂಚನೆ. ದಂಡೆಯ ಮೇಲೆ ನಿಂತವನಿಗೆ ಅತ್ಯಂತ ಆಳದ ಭಾಗದಲ್ಲಿರುವ ತೂಬಿನ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಕೊಳ ಮುಚ್ಚಿರಬೇಕು. ಕ್ಲೋರಿನ್, ಪಿಎಚ್, ಪಂಪು ಓಡಿದ ಗಂಟೆಗಳು, ಇವನ್ನು ಪ್ರತಿದಿನವೂ ಒಂದು ಪುಸ್ತಕದಲ್ಲಿ ಬರೆದು ಜವಾಬ್ದಾರರೊಬ್ಬರು ಸಹಿ ಹಾಕಬೇಕು. ಬ್ಯಾಂಕಿನಲ್ಲಿ ನಗದು ತಾಳೆಯಾಗದೆ ದಿನದ ಲೆಕ್ಕವನ್ನು ಮುಗಿಸುವುದಿಲ್ಲ. ಮಕ್ಕಳ ಸುರಕ್ಷತೆ ನಗದಿಗಿಂತ ಕಡಿಮೆಯದೇನಲ್ಲ.

ಕನ್ನಡದಲ್ಲಿ ‘ತಿಳಿ’ ಎಂದರೆ ನಿರ್ಮಲವಾಗುವುದೂ ಹೌದು, ಅರಿಯುವುದೂ ಹೌದು. ಮಕ್ಕಳು ರಜೆಯ ಮೊದಲ ದಿನವೇ ನೀರಿಗೆ ಧುಮುಕಲು ಹಟ ಹಿಡಿದಾರು. ಇನ್ನೆರಡು ದಿನ ತಾಳಿರೆಂದು ಹೇಳುವ ಧೈರ್ಯವನ್ನು ಹಿರಿಯರಾದ ನಾವು ತೋರಬೇಕು. ನೀರು ತಿಳಿಯಾದ ಮೇಲೆ ಇಡೀ ಬೇಸಗೆ ಅವರದೇ.