ಹೆಸರಿಲ್ಲದ ಮಾತ್ರೆಗೆ ಹೆದರಿ, ಅರಿವಳಿಕೆಗಲ್ಲ

ಚೇಳೂರು ಕಡೆಯ ಹಿರಿಯರೊಬ್ಬರು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ತಪಾಸಣೆಗೆಂದು ಗುಬ್ಬಿಯ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ತುಮಕೂರಿನಲ್ಲಿ ದಿನ ಗೊತ್ತಾಗಿತ್ತು. ಅವರಿಗಿದ್ದ ಅಂಜಿಕೆ ಒಂದೇ.

"ಕೊಯ್ಯೋದಕ್ಕೆ ಹೆದರಲ್ಲ ಡಾಕ್ಟ್ರೇ, ಆ ಮತ್ತಿನ ಇಂಜೆಕ್ಷನ್‌ಗೇ ಹೆದರಿಕೆ. ಆಮೇಲೆ ಎಚ್ಚರಾನೇ ಆಗ್ದೆ ಹೋದ್ರೆ?"

ಸಮಾಧಾನ ಹೇಳಿ, "ಯಜಮಾನ್ರೇ, ದಿನಾ ಯಾವುದಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದೆ. "ಏನೂ ಇಲ್ಲ" ಎಂದರು. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ, "ಮಂಡಿನೋವಿಗೆ ಸೆಟ್ ಮಾತ್ರೆ ತಗೋತಾರಲ್ಲ ಸಾರ್" ಎಂದು ಚೀಲದಿಂದ ಒಂದು ಪೊಟ್ಟಣ ತೆಗೆದರು. ಹಳೆಯ ಪತ್ರಿಕೆಯ ಚೂರಿನಲ್ಲಿ ಮೂರು ಬಿಡಿ ಮಾತ್ರೆಗಳು. ಹೆಸರಿಲ್ಲ, ಪ್ರಮಾಣವಿಲ್ಲ, ಅವಧಿ ಮುಗಿಯುವ ದಿನಾಂಕವಿಲ್ಲ. ಎರಡು ವರ್ಷದಿಂದ ನುಂಗುತ್ತಿದ್ದರಂತೆ. "ಅದು ಮಾತ್ರೆ ಅಲ್ಲ ಡಾಕ್ಟ್ರೇ, ನೋವಿಗೆ ಅಷ್ಟೆ" ಎಂದು ಹಿರಿಯರು ನಕ್ಕರು.

ನನಗೆ ನಗು ಬರಲಿಲ್ಲ. ಅವರ ಮುಖ ದುಂಡಗೆ ಊದಿಕೊಂಡಿತ್ತು. ಮುಂದೋಳಿನ ಚರ್ಮ ತೆಳುವಾಗಿ ಅಲ್ಲಲ್ಲಿ ನೀಲಿಗಟ್ಟಿತ್ತು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಕಾಣುವ ಲಕ್ಷಣಗಳಿವು.

ಓದುಗರೇ, ನಮ್ಮ ಜನರ ಭಯ ಮತ್ತು ನಂಬಿಕೆ ಎರಡೂ ಅದಲುಬದಲಾಗಿವೆ ಎಂಬುದು ನನ್ನ ಅಭಿಪ್ರಾಯ. ತಜ್ಞರು ಪಕ್ಕದಲ್ಲೇ ಕುಳಿತು ಕೊಡುವ ಅರಿವಳಿಕೆಗೆ ಹೆದರುತ್ತೇವೆ. ಯಾರೂ ನೋಡದೆ, ಯಾರಿಗೂ ಹೇಳದೆ ನುಂಗುವ ಮಾತ್ರೆಯನ್ನು ನಂಬುತ್ತೇವೆ.

ಅರಿವಳಿಕೆ ಎಂದರೇನು? ಗಾಯಕ್ಕೆ ಹೊಲಿಗೆ ಹಾಕುವಾಗ, ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ನರದೊಳಕ್ಕೆ ಸೋಡಿಯಂ ನುಗ್ಗುವ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ನೋವಿನ ಸಂದೇಶ ಮಿದುಳಿಗೆ ತಲುಪುವುದಿಲ್ಲ. ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಕೆಲಸವೂ ಇದೇ. ಸೊಂಟದಿಂದ ಕೆಳಗೆ ಕೆಲವು ಗಂಟೆ ಮರಗಟ್ಟುತ್ತದೆ. ಪೂರ್ಣ ಅರಿವಳಿಕೆಯ ಔಷಧಗಳು ಮಿದುಳಿನ ನರಕೋಶಗಳ ನಡುವಣ ಸಂದೇಶಗಳನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ದೇಹ ಔಷಧವನ್ನು ಹೊರಹಾಕಿದಂತೆ ಎಚ್ಚರ ಮರಳುತ್ತದೆ.

ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆನ್ನಿನ ಇಂಜೆಕ್ಷನ್ ಕೊಟ್ಟಾಗ ರಕ್ತದೊತ್ತಡ ಇಳಿಯಬಹುದು. ಲಿಗ್ನೊಕೇನ್ ಕೂಡ ತೂಕಕ್ಕೆ ಮೀರಿದರೆ ಫಿಟ್ಸ್ ತರಿಸಬಲ್ಲದು, ಹೃದಯದ ಬಡಿತ ಕೆಡಿಸಬಲ್ಲದು. ಆದರೆ ಇವೆಲ್ಲ ಗೊತ್ತಿರುವ ಅಪಾಯಗಳು. ಅದಕ್ಕಾಗಿಯೇ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿಯುವ ತನಕ ರೋಗಿಯ ತಲೆಯ ಬಳಿಯಿಂದ ಕದಲುವುದಿಲ್ಲ. ನಾಡಿ, ರಕ್ತದೊತ್ತಡ, ಇಸಿಜಿ, ಆಮ್ಲಜನಕ ಎಲ್ಲವನ್ನೂ ನೋಡುತ್ತಿರುತ್ತಾರೆ. 2020-21ರ ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆ ಪುಟ್ಟ ಯಂತ್ರ ಅದಕ್ಕೂ ಎಷ್ಟೋ ಮೊದಲೇ ಆಪರೇಷನ್ ಥಿಯೇಟರಿನಲ್ಲಿ ಕಾವಲು ಕಾಯುತ್ತಿತ್ತು. ನಾಟಕದ ಊರಾದ ನಮ್ಮ ಗುಬ್ಬಿಯವರಿಗೆ ಇದು ಬೇಗ ಅರ್ಥವಾದೀತು: ರಂಗದ ಮೇಲೆ ಕಾಣುವವನಷ್ಟೇ ಪರದೆಯ ಹಿಂದಿರುವವನೂ ಮುಖ್ಯ. ಇನ್ನು, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವನಪರ್ಯಂತ ಸೊಂಟನೋವು ಎಂಬ ಮಾತಿಗೆ ಆಧಾರವಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಯಾರಾದರೂ ತೀರಿಕೊಂಡರೆ ಹೋಟೆಲಿನ ಬೆಂಚಿನ ಮೇಲೆ ಮೊದಲು ಕೇಳುವ ಮಾತು "ಅನಸ್ತೇಶಿಯಾ ಜಾಸ್ತಿ ಆಯ್ತಂತೆ". ನಿಜಸಂಗತಿ ಬಹಳ ಸಲ ಬೇರೆಯೇ ಇರುತ್ತದೆ. 2024ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಮೃತಪಟ್ಟಾಗ ತನಿಖೆ ಬೆರಳು ಮಾಡಿದ್ದು ಸೋಂಕಿನ ಕಡೆಗೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಬಾಟಲಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇದ್ದುದರಿಂದಲೇ ಅದರ ಬಳಕೆಯನ್ನು ತಡೆಯಲು ಸರ್ಕಾರಕ್ಕೆ ಸಾಧ್ಯವಾಯಿತು. ಪತ್ರಿಕೆಯ ಚೂರಿನಲ್ಲಿ ಕಟ್ಟಿಕೊಟ್ಟ ಮಾತ್ರೆಯಿಂದ ತೊಂದರೆಯಾದರೆ ಯಾವುದನ್ನು ತಡೆಯುವುದು? ಯಾರನ್ನು ಕೇಳುವುದು?

ಆ ಪೊಟ್ಟಣದೊಳಗೆ ಸಾಮಾನ್ಯವಾಗಿ ಏನಿರುತ್ತದೆ ನೋಡೋಣ.

ಮೊದಲನೆಯದು ಡೈಕ್ಲೋಫೆನಾಕ್‌ನಂತಹ ನೋವುನಿವಾರಕ. ಇದು ನೋವು, ಊತ ಉಂಟುಮಾಡುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತದೆ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ತೊಡಕೇನೆಂದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಇದೇ ಪ್ರೋಸ್ಟಗ್ಲಾಂಡಿನ್‌ಗಳೇ. ನೋವು ಹೋಗುವಾಗ ಕಾವಲೂ ಹೋಗುತ್ತದೆ. ನಾಲ್ಕು ದಿನಕ್ಕೆ ಚಿಂತೆ ಇಲ್ಲದಿರಬಹುದು, ನಾಲ್ಕು ವರ್ಷಕ್ಕೆ ಖಂಡಿತ ಇದೆ.

ಎರಡನೆಯದು ಪ್ಯಾರಸಿಟಮಾಲ್. ಮಿತಿಯಲ್ಲಿದ್ದರೆ ಬಹಳ ಸುರಕ್ಷಿತ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಕೃಶವಾದವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ಶೀತದ ಮಾತ್ರೆ, ಮೈಕೈ ನೋವಿನ ಮಾತ್ರೆ ಅನೇಕವುಗಳಲ್ಲಿ ಇದು ಸೇರಿಕೊಂಡಿರುತ್ತದೆ. ಜ್ವರಕ್ಕೆ ಡೋಲೋ, ಶೀತಕ್ಕೆ ಇನ್ನೊಂದು, ತಲೆನೋವಿಗೆ ಮತ್ತೊಂದು ಎಂದು ನುಂಗಿದವರು ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ನುಂಗಿರುತ್ತಾರೆ. ಅದರ ಹೊರೆ ಯಕೃತ್ತಿನ ಮೇಲೆ.

ಮೂರನೆಯದೇ ಪುಟ್ಟ ಸ್ಟೀರಾಯ್ಡ್ ಮಾತ್ರೆ. ಆಸ್ತಮಾ, ಕೆಲವು ಕೀಲುಬೇನೆಗಳಲ್ಲಿ ಇದು ಜೀವರಕ್ಷಕ. ಆದರೆ ಗೊತ್ತಿಲ್ಲದೆ ತಿಂದರೆ? ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುತ್ತವೆ. ಮೂರು ವಾರಕ್ಕೂ ಹೆಚ್ಚು ಕಾಲ ಹೊರಗಿನಿಂದಲೇ ಪೂರೈಕೆಯಾದರೆ ಗ್ರಂಥಿಗಳು ಕೆಲಸ ಮರೆತು ಮಲಗಿಬಿಡಬಹುದು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ದೇಹಕ್ಕೆ ಕಾರ್ಟಿಸಾಲ್ ಹೆಚ್ಚು ಬೇಕು. ಮಲಗಿದ ಗ್ರಂಥಿ ಕೊಡಲಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆಗ ಊರಿನವರು ಹೇಳುವುದು ಅದೇ ಮಾತು, "ಅನಸ್ತೇಶಿಯಾ ಜಾಸ್ತಿ ಆಯ್ತು".

ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿದಿದ್ದರೆ ಇದಕ್ಕೆ ಪರಿಹಾರ ಸುಲಭ. ಆ ಹಿರಿಯರ ವಿಷಯದಲ್ಲಿ ನಾನು ವಿವರವಾಗಿ ಪತ್ರ ಬರೆದುಕೊಟ್ಟೆ. ದಿನ ಮುಂದೆ ಹೋಯಿತು, ಪರೀಕ್ಷೆಗಳಾದವು. ಶಸ್ತ್ರಚಿಕಿತ್ಸೆಯ ದಿನ ಬೇಕಾದಷ್ಟು ಹೈಡ್ರೊಕಾರ್ಟಿಸೋನ್ ಕೊಟ್ಟು ಬೆನ್ನಿಗೆ ಅರಿವಳಿಕೆ ನೀಡಿದರು. ಸುಖವಾಗಿ ಮನೆಗೆ ಬಂದವರು ಹೇಳಿದರು: "ಮತ್ತು ಕೊಡೋರು ಒಳ್ಳೇರು ಡಾಕ್ಟ್ರೇ. ಸೂಜಿಗಿಂತ ಹೆಚ್ಚಾಗಿ ಮಾತ್ರೆ ವಿಚಾರಾನೇ ಕೇಳಿದ್ರು."

ತಪ್ಪು ಔಷಧಿ ಅಂಗಡಿಯವರದು ಮಾತ್ರವೇ? ಇಲ್ಲ. ವೃತ್ತಿ ಆರಂಭಿಸಿದ ಹೊಸದರಲ್ಲಿ ನಾನೂ ಮಾತ್ರೆಗಳನ್ನು ಬಿಡಿಸಿ ಪೊಟ್ಟಣ ಕಟ್ಟಿಕೊಡುತ್ತಿದ್ದೆ. ಹೆಸರು ತಿಳಿದರೆ ರೋಗಿ ಮುಂದಿನ ಸಲ ತಾನೇ ಕೊಂಡುಕೊಳ್ಳುತ್ತಾನೆ ಎಂಬ ಸಬೂಬು ನನಗಿತ್ತು. ಒಮ್ಮೆ ನನ್ನ ಪೊಟ್ಟಣದ ಜೊತೆಗೆ ಬೇರೆ ಕಡೆಯ ಪೊಟ್ಟಣವನ್ನೂ ನುಂಗಿದ ಮಹಿಳೆಯೊಬ್ಬರು ಡಾಂಬರಿನಂತೆ ಕಪ್ಪು ಮಲ ಹೋಗುತ್ತಿದೆಯೆಂದು ಬಂದರು. ಎರಡರಲ್ಲೂ ಡೈಕ್ಲೋಫೆನಾಕ್ ಇತ್ತು. ಹೊಟ್ಟೆಯೊಳಗೆ ರಕ್ತಸ್ರಾವ. ತುಮಕೂರಿಗೆ ಕಳಿಸಿ ರಕ್ತ ಕೊಡಿಸಿದ ಮೇಲೆ ಉಳಿದುಕೊಂಡರು. "ನೀವೇ ಕೊಟ್ಟಿದ್ದಲ್ವಾ ಸಾರ್, ಏನಂತ ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಆಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪೊಟ್ಟಣ ಕಟ್ಟುವುದನ್ನು ಬಿಟ್ಟೆ.

ಆದ್ದರಿಂದ ಮೊದಲ ಮಾತು ನನ್ನ ವೃತ್ತಿಬಾಂಧವರಿಗೆ. ಔಷಧದ ಹೆಸರನ್ನು ಓದುವಂತೆ ಬರೆಯಬೇಕೆಂಬ ನಿಯಮ 2016ರಲ್ಲೇ ಬಂದಿದೆ. ರೋಗಿ ಏನು ನುಂಗುತ್ತಿದ್ದಾನೆಂದು ತಿಳಿಯುವುದು ಅವನ ಹಕ್ಕು, ನಮ್ಮ ಗುಟ್ಟಲ್ಲ.

ಅಂಗಡಿಯವರಿಗೆ ಎರಡನೆಯ ಮಾತು. ಸ್ಟೀರಾಯ್ಡ್, ಡೈಕ್ಲೋಫೆನಾಕ್ ಮುಂತಾದವನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಐದೇ ಮಾತ್ರೆ ಬೇಕೆಂದರೂ ಶೀಟಿನ ಸಮೇತ ಕತ್ತರಿಸಿ ಕೊಡಿ, ಬಿಲ್ ಕೊಡಿ. ಶೀಟಿನ ಮೇಲಿನ ಇಂಗ್ಲಿಷ್ ನಮ್ಮ ಅಜ್ಜಿಯರಿಗೆ ಬಾರದು. ಕವರಿನ ಮೇಲೆ ಹೆಸರು, ಯಾವ ಕಾಯಿಲೆಗೆ, ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಪುಣ್ಯ ಬಂದೀತು.

ಕೊನೆಯ ಮಾತು ನಿಮಗೆ. ಹೆಸರಿಲ್ಲದ ಮಾತ್ರೆ ನುಂಗಬೇಡಿ. ಈಗಾಗಲೇ ವಾರಗಟ್ಟಲೆ ನುಂಗುತ್ತಿದ್ದರೆ ಈ ಲೇಖನ ಓದಿ ಇಂದೇ ನಿಲ್ಲಿಸಲೂಬೇಡಿ. ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಪೊಟ್ಟಣ ಹಿಡಿದು ವೈದ್ಯರನ್ನು ಕಾಣಿ. ಶಸ್ತ್ರಚಿಕಿತ್ಸೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಕಷಾಯ, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅರಿವಳಿಕೆ ತಜ್ಞರ ಮುಂದೆ ಸುರಿಯಿರಿ. ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂದು ಅವರೇ ಹೇಳಲಿ. ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದಿದ್ದರೆ ತಿಳಿಸಿ. ಉಪವಾಸವಿರಿ ಎಂದರೆ ಇರಿ. ಲಘು ಆಹಾರವಾದರೂ 6 ಗಂಟೆ ಬೇಕು. "ಎರಡೇ ಇಡ್ಲಿ" ಎಂದು ಮುಚ್ಚಿಟ್ಟರೆ ಜ್ಞಾನವಿಲ್ಲದ ಹೊತ್ತಿನಲ್ಲಿ ಅದು ಶ್ವಾಸಕೋಶಕ್ಕೆ ನುಗ್ಗಬಹುದು.

ನೀವು ಮಲಗಿದಾಗ ನಿಮ್ಮನ್ನು ಕಾಯುವವರು ಎಚ್ಚರವಾಗಿರುತ್ತಾರೆ. ಅದಕ್ಕೆ ಮೊದಲು, ಎಚ್ಚರವಿದ್ದಾಗಲೇ, ಅವರಿಗೆ ಎಲ್ಲವನ್ನೂ ಹೇಳಿಬಿಡಿ.