ಮನೆ ನಡೆಸಿದವರಿಗೆ ಶಾಲೆ ಹೊಸದಲ್ಲ



ಅಂಗಡಿ ನಡೆಸುವವರಿಗೆ ತಕ್ಕಡಿ ಗೊತ್ತು. ಮನೆ ನಡೆಸುವವರಿಗೆ ಹಸಿವು ಗೊತ್ತು. ಈ ಎರಡನ್ನೂ ಬಲ್ಲವರು ಶಾಲೆಯನ್ನೂ ನಡೆಸಬಲ್ಲರು ಎಂಬುದು ನನ್ನ ನಂಬಿಕೆ. ಈ ತಿಂಗಳು ಇದನ್ನೇ ಬರೆಯಲು ಕಾರಣ ಗೋವಾದ ಸಾಂಗೆಯಿಂದ ಬಂದ ಒಂದು ಪತ್ರ.

ಬರೆದವರು ನಮ್ಮ ಸಮಾಜದ ಒಬ್ಬ ಸಹೋದರಿ. ತವರು ಬೆಳಗಾವಿ ಕಡೆ; ಮನೆಯವರದು ಸಾಂಗೆಯಲ್ಲಿ ಕಿರಾಣಿ ವ್ಯಾಪಾರ. ಹನ್ನೊಂದು ಮಂದಿಯ ಕೂಡು ಕುಟುಂಬವನ್ನು ಹದಿನೆಂಟು ವರ್ಷ ನಡೆಸಿದ ಅವರಿಗೆ ಈಗ ಒಂದು ಚಿಕ್ಕ ಖಾಸಗಿ ಶಾಲೆಯ ಮುಖ್ಯಾಧ್ಯಾಪಕಿಯ ಹೊಣೆ ಬಂದಿದೆ. ಕೂಲಿ ಕೆಲಸಕ್ಕೆ ಬಂದ ಕನ್ನಡದ ಕುಟುಂಬವೊಂದರ ಹುಡುಗಿ ನಾಲ್ಕನೇ ತರಗತಿಯಲ್ಲಿದ್ದಾಳೆ. ಎರಡು ಕಂತಿನ ಫೀ ಬಾಕಿ. "ಹೆಸರು ತೆಗೆದುಹಾಕಿ" ಎನ್ನುತ್ತದೆ ಆಡಳಿತ ಸಮಿತಿ. "ನಾನು ಅಡಿಗೆಮನೆ ಬಿಟ್ಟು ಬಂದವಳು. ಸಮಿತಿಯ ಎದುರು ಏನು ಹೇಳಲಿ?" ಎಂದು ಕೇಳಿದ್ದಾರೆ.

ಸಹೋದರಿ, ಆ ಅಡಿಗೆಮನೆಯಿಂದಲೇ ಪ್ರಾರಂಭಿಸೋಣ.

ಹನ್ನೊಂದು ಎಲೆ ಹಾಕಿದ ಮನೆಯಲ್ಲಿ ಯಾರು ಉಂಡಿಲ್ಲ ಎಂಬುದನ್ನು ಬಡಿಸುವವಳು ಎಣಿಸದೆಯೇ ಹೇಳುತ್ತಾಳೆ. ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕಾದ ನಮ್ಮ ಮನೆಗಳಲ್ಲಂತೂ ಈ ಲೆಕ್ಕ ತಪ್ಪುವಂತಿಲ್ಲ. ಶಾಲೆಯ ಹಾಜರಿ ಪುಸ್ತಕವೂ ಇದೇ ಲೆಕ್ಕ. 'ಗೈರು' ಎಂದು ಬರೆದು ಮುಚ್ಚಿದರೆ ಅದು ಗುಮಾಸ್ತಿಕೆ; 'ಏಕೆ ಬಂದಿಲ್ಲ?' ಎಂದು ವಿಚಾರಿಸಿದರೆ ಅದು ಮುಖ್ಯಾಧ್ಯಾಪಕಿಯ ಕೆಲಸ. ಹಸಿದ ಮಗುವಿಗೆ ಮಗ್ಗಿ ಹತ್ತುವುದಿಲ್ಲ. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ್ದು 2001 ರ ನವೆಂಬರಿನಲ್ಲಿ. ನಮ್ಮ ತಾಯಂದಿರಿಗೆ ಅದು ಅದಕ್ಕಿಂತ ಬಹಳ ಮೊದಲೇ ತಿಳಿದಿತ್ತು.

ಇದಕ್ಕೆ ನಮ್ಮವರೇ ಆದ ಒಬ್ಬರ ನಿದರ್ಶನವಿದೆ. ಕರ್ಮವೀರ ಭಾವೂರಾವ್ ಪಾಟೀಲರು 1887 ರಲ್ಲಿ ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ ಜೈನ ಕುಟುಂಬದಲ್ಲಿ ಹುಟ್ಟಿದರು. 1919 ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924 ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ವಸತಿಗೃಹ ತೆರೆದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೂ ಅಲ್ಲಿ ಎಲ್ಲರ ಜೊತೆಗೇ ಇದ್ದರು. 1927 ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ಅದಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರಿಟ್ಟರು. ಆದರೆ ಆ ಮಕ್ಕಳ ತಾಯಿಯಾಗಿ ನಿಂತವರು ಭಾವೂರಾವರ ಧರ್ಮಪತ್ನಿ ಲಕ್ಷ್ಮೀಬಾಯಿ. ವಸತಿಗೃಹದಲ್ಲಿ ದವಸ ತೀರಿದಾಗ ಒಂದೊಂದಾಗಿ ಒಡವೆ ಕೊಟ್ಟರು; ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1930 ರಲ್ಲಿ ಅವರು ತೀರಿಕೊಂಡರು. ಇಂದು ಮಹಾರಾಷ್ಟ್ರದ ಅತಿ ದೊಡ್ಡ ಶಿಕ್ಷಣ ಸಂಸ್ಥೆಗಳಲ್ಲಿ ಒಂದಾಗಿರುವ ರಯತ್ ಸಂಸ್ಥೆಯ ಬುನಾದಿಯಲ್ಲಿ ಒಬ್ಬ ಗೃಹಿಣಿಯ ಅಡಿಗೆಮನೆಯಿದೆ ಎಂಬುದನ್ನು ಮರೆಯಬಾರದು.

ಅಲ್ಲಿ ಇನ್ನೊಂದು ನೀತಿಯೂ ಇತ್ತು. ಹುಡುಗರು ದುಡಿಯುತ್ತ ಕಲಿಯಬೇಕು. ಪುಕ್ಕಟೆ ಉಂಡೆನೆಂಬ ಸಂಕೋಚ ಯಾರಿಗೂ ಇರಬಾರದು. ಸಹಾಯ ಮಾಡುವಾಗಲೂ ಮಾನ ಕಾಯಬೇಕೆಂಬುದು ಇದರ ಸಾರ.

ಈಗ ಫೀ ಬಾಕಿಯ ಮಾತು. ಇದಕ್ಕೆ ಉತ್ತರ ನಿಮ್ಮ ಅಂಗಡಿಯ ಉದ್ರಿ ಖಾತೆಯಲ್ಲಿದೆ. ಗಣಿಗಾರಿಕೆ 2012 ರಲ್ಲೊಮ್ಮೆ, 2018 ರಲ್ಲಿ ಮತ್ತೊಮ್ಮೆ ನಿಂತಾಗ ಸಾಂಗೆ ಸೀಮೆಯಲ್ಲಿ ಲಾರಿಗಳು ನಿಂತವು. ಅವನ್ನು ನಂಬಿದ ಮನೆಗಳ ಆದಾಯವೂ ನಿಂತಿತು. ಅಂಥ ಕಾಲದಲ್ಲಿ ಜಾಣ ವ್ಯಾಪಾರಿ ಏನು ಮಾಡುತ್ತಾನೆ? ಕೊಡಲಾರದವನು ಯಾರು, ಕೊಡಲೊಲ್ಲದವನು ಯಾರು ಎಂದು ಮೊದಲು ಗುರುತಿಸುತ್ತಾನೆ. ಕೊಡಲಾರದವನಿಗೆ ಕಂತು ಹಾಕಿಕೊಡುತ್ತಾನೆ. ನಮ್ಮ ಅಜ್ಜ ಉದ್ರಿ ಕೇಳುವುದಿದ್ದರೆ ಗಿರಾಕಿಯನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು ಮೆಲ್ಲಗೆ ಕೇಳುತ್ತಿದ್ದರು. ನಾಲ್ಕು ಜನರ ಮುಂದೆ ಕೇಳಿದರೆ ಹಣವೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ ಎನ್ನುತ್ತಿದ್ದರು. ಅಪ್ಪ ಮಾಡಿದ ಸಾಲಕ್ಕೆ ಉಪ್ಪು ಒಯ್ಯಲು ಬಂದ ಮಗುವನ್ನು ಅವರು ಎಂದೂ ಗದರಿಸಲಿಲ್ಲ. ಫೀ ಬಾಕಿ ಇರುವ ಮಕ್ಕಳ ಹೆಸರನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ನಿಲ್ಲಿಸುವ ಶಾಲೆಗಳಿವೆ. ಇದು ವ್ಯಾಪಾರವೂ ಅಲ್ಲ, ಶಿಕ್ಷಣವೂ ಅಲ್ಲ.

ಸಮಿತಿಗೆ ಕಾನೂನನ್ನೂ ತಿಳಿಸಿ. 2009 ರ ಶಿಕ್ಷಣ ಹಕ್ಕು ಕಾಯಿದೆಯ 16 ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019 ರ ತಿದ್ದುಪಡಿ ಪರೀಕ್ಷೆ ಮತ್ತು ತೇರ್ಗಡೆಯ ನಿಯಮವನ್ನು ಬದಲಿಸಿತು; ಈ ರಕ್ಷಣೆಯನ್ನು ಉಳಿಸಿತು. 17 ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದ್ದರಿಂದ ಹುಡುಗಿಯ ಹೆಸರು ಪುಸ್ತಕದಲ್ಲಿಯೇ ಇರಲಿ. ಬಾಕಿಯ ಮಾತು ತಂದೆಯೊಡನೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕಂತಿನ ಲೆಕ್ಕದಲ್ಲಿ ನಡೆಯಲಿ.

ಆ ಹುಡುಗಿ ತರಗತಿಯಲ್ಲಿ ಬಾಯಿಬಿಡುವುದಿಲ್ಲ, ಮಾತಾಡಿದರೆ ಉಳಿದವರು ನಗುತ್ತಾರೆ ಎಂದೂ ಬರೆದಿದ್ದೀರಿ. ನಿಮ್ಮ ಮನೆಯನ್ನೇ ನೋಡಿ. ಒಳಗೆ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಮರಾಠಿ, ದೂರದ ಸಗಟು ವ್ಯಾಪಾರಿಯೊಡನೆ ಹಿಂದಿ. ನಮ್ಮ ಮಕ್ಕಳು ಇವನ್ನೆಲ್ಲ ಕಲಿತದ್ದು ತಪ್ಪು ಮಾತಾಡಿದಾಗ ಯಾರೂ ಹಂಗಿಸದ ಕಾರಣ. 2020 ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಿರುವೆಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ನಿಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮ ಆಗಲಾರದು, ನಿಜ. ದಿನಕ್ಕೆ ಹತ್ತು ನಿಮಿಷ ನೀವೇ ಅವಳೊಡನೆ ಕನ್ನಡದಲ್ಲಿ ಮಾತಾಡಬಹುದಲ್ಲ? ಊರು ಬಿಟ್ಟು ಬಂದ ಮಗುವಿಗೆ ಅದೇ ದೊಡ್ಡ ಆಸರೆ. ಊರು ಬಿಡುವ ಸಂಕಟ ಸಾಂಗೆಯವರಿಗೆ ಗೊತ್ತಿಲ್ಲದ್ದಲ್ಲ. ಸಾಳಾವಲಿ ಅಣೆಕಟ್ಟಿನ ನೀರಿನಲ್ಲಿ ಕುರ್ಡಿ ಗ್ರಾಮ ಮುಳುಗಿತು. ಬೇರೆಡೆ ನೆಲೆಸಿದ ಅಲ್ಲಿಯ ಜನ ಬೇಸಗೆಯಲ್ಲಿ ನೀರಿಳಿದಾಗ ಇಂದಿಗೂ ಹಳೆಯ ನೆಲಕ್ಕೆ ಹೋಗಿ ಹಬ್ಬ ಮಾಡಿ ಬರುತ್ತಾರೆ. ಇದನ್ನು ಶಾಲೆಯ ಉಳಿದ ಮಕ್ಕಳಿಗೆ ಹೇಳಿ. ಅವರು ನಗುವುದನ್ನು ಬಿಡುತ್ತಾರೆ.

ಇನ್ನು ಶಿಕ್ಷಕಿಯರು. ನೆಗೆಣ್ಣಿಯರ ನಡುವೆ ಮನೆ ನಡೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಲಸವನ್ನು ಸಮನಾಗಿ ಹಂಚಬೇಕು. ಒಬ್ಬರ ದೂರನ್ನು ಕೇಳಿ ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದು. ಒಂದು ವಸ್ತುವಿಗೆ ಹಲವು ಮುಖಗಳಿವೆ ಎಂಬ ಅನೇಕಾಂತವನ್ನು ನಾವು ಬಸದಿಯಲ್ಲಿ ಕೇಳಿ ಮನೆಯ ಹೊಸ್ತಿಲಲ್ಲಿ ಬಿಡುತ್ತೇವೆ. ಅದು ಬೇಕಾಗುವುದು ಶಿಕ್ಷಕರ ಕೋಣೆಯಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಶಾಲೆ ಮನೆಯಂತಿರಬೇಕು, ಆದರೆ ಎರಡು ವಿಷಯಗಳಲ್ಲಿ ಮನೆಯಾಗಬಾರದು. ಮನೆಯಲ್ಲಿ ನಮ್ಮ ಮಗು ಮೊದಲು. ಶಾಲೆಯಲ್ಲಿ ಯಾರಿಲ್ಲದ ಮಗು ಮೊದಲು. ಸಮಿತಿಯವರ ಮೊಮ್ಮಗನಿಗೂ ಕೂಲಿಯವರ ಮಗಳಿಗೂ ಒಂದೇ ತಕ್ಕಡಿ, ಒಂದೇ ತೂಕದ ಕಲ್ಲು. ಎರಡನೆಯದು ಇನ್ನೂ ಮುಖ್ಯ. ಮನೆಯ ಮಾತು ಹೊರಗೆ ಹೋಗಬಾರದೆಂದು ನಾವು ಎಷ್ಟೋ ಸಂಗತಿಗಳನ್ನು ಮುಚ್ಚಿಡುತ್ತೇವೆ. ಶಾಲೆಯಲ್ಲಿ ಮಗುವಿನ ಮೈಮುಟ್ಟಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚುವಂತಿಲ್ಲ. 2012 ರ ಪೋಕ್ಸೋ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಹೆಸರು ಮತ್ತೆ ಗಳಿಸಬಹುದು. ಮಗುವಿನ ನಂಬಿಕೆಯನ್ನು ಮತ್ತೆ ಗಳಿಸುವುದು ಕಷ್ಟ.

ಕೊನೆಯದಾಗಿ, ಈ ಅಂಕಣ ಓದುವ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಊರೂರುಗಳ ಶಾಲಾ ಸಮಿತಿಗಳಲ್ಲಿದ್ದೀರಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನ ನಾಲ್ಕು ಬಗೆ ಎಂಬುದನ್ನು ಎಳೆತನದಿಂದ ಕೇಳಿದವರು ನೀವು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೆಮ್ಮೆಪಡುತ್ತೇವೆ. ಒಂದು ಶಾಲೆಯಲ್ಲಿ ಈ ನಾಲ್ಕೂ ದಾನಗಳು ಒಟ್ಟಿಗೆ ನಡೆಯುತ್ತವೆ: ಮಧ್ಯಾಹ್ನದ ಊಟ, ಹೆದರಿಕೆಯಿಲ್ಲದ ತರಗತಿ, ಜ್ವರ ಬಂದರೆ ಔಷಧ, ಮತ್ತು ಪಾಠ. ಮುಂದಿನ ಸಭೆಯಲ್ಲಿ ಫೀ ಬಾಕಿಯ ಪಟ್ಟಿ ನಿಮ್ಮ ಮುಂದೆ ಬಂದಾಗ ಹೆಸರು ಹೊಡೆದುಹಾಕುವ ಮೊದಲು ಆ ಮನೆಯ ಸ್ಥಿತಿ ವಿಚಾರಿಸಿ. ಒಂದು ಮಗುವಿನ ಒಂದು ವರ್ಷದ ಫೀ ನಮ್ಮ ಮನೆಯ ಒಂದು ಮದುವೆಯ ಮಂಟಪದ ಹೂವಿನ ಖರ್ಚಿಗಿಂತ ಹೆಚ್ಚಾಗುವುದು ಅಪರೂಪ. ಅದನ್ನು ಹೆಸರು ಹೇಳದೆ ಕಟ್ಟಿಬಿಡಿ. ಹುಡುಗಿಗೆ ಗೊತ್ತಾಗುವುದೂ ಬೇಡ.